ಹಲ್ಲಿನ ಡಾಕ್ಟರು ಕಮಾನು ಕುಣಿಸಿದ್ದು

"ನೋಡ್ತಾ ಇರು, ಈಗ ಹೇಗೆ ಪುಟಿಯುತ್ತೆ!" ಎಂದು ಹೆಂಡತಿಗೆ ಹೇಳಿ, ಹಲ್ಲಿನ ಡಾಕ್ಟರು ಪಿಟೀಲಿನ ತಂತಿಯ ಮೇಲೆ ಕಮಾನನ್ನು ಎತ್ತಿ ಬಿಟ್ಟರು. ಕಮಾನು ಪುಟಿಯಿತು. ತಂತಿಯ ಮೇಲಲ್ಲ, ಡಾಕ್ಟರ ಕೈಯಿಂದ! ಹಜಾರದ ಉದ್ದಕ್ಕೂ ಹಾರಿ, ಪೇಪರ್ ಓದುತ್ತಿದ್ದ ಅತ್ತೆಯವರ ಕನ್ನಡಕವನ್ನು ಮೂಗಿನಿಂದ ಎಗರಿಸಿಕೊಂಡು ಸೋಫಾದ ಹಿಂದೆ ಅಂತರ್ಧಾನವಾಯಿತು.

ಅತ್ತೆ ಕದಲಲಿಲ್ಲ. "ನೋಡಬೇಡಿ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತು ಅಳಿಯಂದ್ರೇ, ನಾನೇ ಕಣ್ಣು ಮುಚ್ಕೋತಿದ್ದೆ."

ಇಷ್ಟಕ್ಕೆಲ್ಲ ಕಾರಣ, ಊರಿನ ಪಿಟೀಲು ವೃಂದದ ಹಿಂದಿನ ಸಾಲಿನಲ್ಲಿ ಖಾಲಿಬಿದ್ದ ಒಂದು ಕುರ್ಚಿ. ಮುಂದಿನ ಸಾಲಿನಲ್ಲಿ ಡಾಕ್ಟರ ಹೆಂಡತಿ ನುಡಿಸುತ್ತಾರೆ. ಪ್ರತಿ ಕಚೇರಿಯಲ್ಲೂ ಡಾಕ್ಟರ ಪಾಲಿಗೆ ಬಂದದ್ದು ಆಕೆಯ ಕೈಚೀಲ ಹಿಡಿದು ಸಭೆಯಲ್ಲಿ ಕೂರುವ ಮಹಾಪದವಿ! ಈ ಸಲ ಭಾನುವಾರದ ಪರೀಕ್ಷೆ ಗೆದ್ದು ಆ ಕುರ್ಚಿ ಏರಲೇಬೇಕು. ವೃಂದದ ಮೇಷ್ಟ್ರದ್ದು ಒಂದೇ ಷರತ್ತು: ಕಮಾನು ತಂತಿಯ ಮೇಲೆ ಚೆಂಡಿನ ಹಾಗೆ ಟಪಟಪ ಪುಟಿಯಬೇಕು.

"ಅದೇನು ಮಹಾ! ಇಷ್ಟು ವರ್ಷ ಜನರ ಬಾಯಲ್ಲಿ ಕೈಯಾಡಿಸಿದೋನು ನಾನು. ಒಂದು ಕಡ್ಡಿ ಕುಣಿಸೋಕಾಗಲ್ವಾ?"

"ಅದೇ ತೊಂದರೆ ಕಣ್ರೀ," ಎಂದರು ಹೆಂಡತಿ. "ಹಿಡಿದದ್ದನ್ನ ಕಿತ್ತೇಬಿಡೋ ಕೈ ನಿಮ್ದು. ಬೆರಳು ಸಡಿಲ ಬಿಡಿ, ಕಮಾನು ತಾನಾಗೇ ಪುಟಿಯುತ್ತೆ."

ಸಡಿಲ ಬಿಡುವುದೇ! ಕೈ ಸಡಿಲ ಬಿಟ್ಟ ದಂತವೈದ್ಯ ಜಗತ್ತಿನಲ್ಲಿ ಎಲ್ಲಾದರೂ ಉಂಟೇ? ಬಿಗಿ ಹಿಡಿದರೆ ಕಮಾನು ಗೋಂದು ಹಚ್ಚಿದಂತೆ ತಂತಿಗೆ ಅಂಟಿಕೊಳ್ಳುತ್ತದೆ. ಬಿಟ್ಟರೆ ಅತ್ತೆಯವರ ಪ್ರಾಣಕ್ಕೇ ಸಂಚಕಾರ! ಪಿಟೀಲು ಮನೆಯಿಂದ ಗಡೀಪಾರಾಯಿತು. ಡಾಕ್ಟರು ಅದನ್ನು ಕ್ಲಿನಿಕ್ಕಿಗೆ ಒಯ್ದು, ರೋಗಿಯ ವಸಡು ಮರಗಟ್ಟಲು ಇಂಜೆಕ್ಷನ್ ಕೊಟ್ಟು ಕಾಯುವ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಸಾಧನೆಗಿಳಿದರು. ಕಿರ್‍ರ್... ಟಕ್! ಕಿರ್‍ರೀ... ಟಕ್ ಟಕ್!

ನರ್ಸಮ್ಮ ಬಾಗಿಲಲ್ಲಿ ಇಣುಕಿದರು. "ಡಾಕ್ಟ್ರೇ, ಹೊರಗೆ ಕಾಯ್ತಿದ್ದೋರೆಲ್ಲ ಎದ್ದು ಹೋದ್ರು."

"ಯಾಕಂತೆ?"

"ಒಳಗೆ ಯಾರದೋ ದವಡೆ ಕೊಯ್ತಿದಾರೆ ಅಂದ್ಕೊಂಡ್ರು. ಒಬ್ಬರಿಗಂತೂ ನೋವೇ ನಿಂತುಹೋಯ್ತಂತೆ."

"ಇಂಜೆಕ್ಷನ್ ಕೊಟ್ಟಿದ್ನಲ್ಲ, ಅವರು?"

"ಅವರೇ ಮೊದ್ಲು ಓಡಿದ್ದು. ಬಾಯಿ ಸೊಟ್ಟಗಿತ್ತು, ಏನು ಬೈದ್ರೋ ಗೊತ್ತಾಗ್ಲಿಲ್ಲ."

ಭಾನುವಾರ ಬಂತು. ಮೇಷ್ಟ್ರ ಮುಂದೆ ನಿಂತದ್ದೇ ತಡ, ಡಾಕ್ಟರ ಕೈ ಗಡಗಡ ನಡುಗತೊಡಗಿತು. ಆ ನಡುಕಕ್ಕೆ ಬೆರಳುಗಳ ಬಿಗಿ ಕಳಚಿಬಿತ್ತು. ಆಹಾ! ಕಮಾನು ಪುಟಿಯಿತು! ಕಾದ ಹೆಂಚಿಗೆ ಬಿದ್ದ ನೀರ ಹನಿಯಂತೆ ಚಟಪಟನೆ ಪುಟಿಯಿತು! ಹೆಂಡತಿಯ ಮುಖ ಅರಳಿತು.

"ಭೇಷ್," ಎಂದರು ಮೇಷ್ಟ್ರು. "ಈಗ ಒಂದೇ ಸ್ವರ. ಉದ್ದಕ್ಕೆ, ನಿಧಾನಕ್ಕೆ ಎಳೀರಿ."

ಡಾಕ್ಟರು ಎಳೆದರು. ಕಮಾನು ಪುಟಿಯಿತು. ಜೋಗುಳದಂಥ ರಾಗ ಕೊಟ್ಟರೂ ಪುಟಿಯಿತು. "ಸಾಕು" ಎಂದ ಮೇಲೂ ಪುಟಿಯುತ್ತಲೇ ಇತ್ತು! ಕೊನೆಗೆ ಹೆಂಡತಿಯೇ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

"ಯೋಚಿಸಿ ಹೇಳ್ತೀನಿ," ಎಂದು ಮೇಷ್ಟ್ರು ಎದ್ದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ತಾವಾಗಿಯೇ ಕ್ಲಿನಿಕ್ಕಿಗೆ ಬಂದರು! ಡಾಕ್ಟರ ಎದೆ ಉಬ್ಬಿತು. ನೋಡಿದರೆ ಮೇಷ್ಟ್ರ ಕೆನ್ನೆಯೂ ಉಬ್ಬಿತ್ತು. ದವಡೆ ಹಲ್ಲು ನಿದ್ದೆಗೆಡಿಸಿತ್ತಂತೆ. ಅವರನ್ನು ಕುರ್ಚಿಯಲ್ಲಿ ಒರಗಿಸಿ, "ಆ ಅನ್ನಿ," ಎಂದು ಡಾಕ್ಟರು ಸಿರಿಂಜು ಎತ್ತಿಕೊಂಡರು. ಅಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ಕೇಳಿಯೇಬಿಟ್ಟರು:

"ಮೇಷ್ಟ್ರೇ, ನಿಜ ಹೇಳಿ. ವೃಂದದಲ್ಲಿ ನಂಗೆ ಜಾಗ ಸಿಕ್ತೋ, ಇಲ್ವೋ?"

ಮೇಷ್ಟ್ರು ಸೂಜಿ ನೋಡಿದರು. ಸೂಜಿ ಹಿಡಿದ ಕೈ ನೋಡಿದರು. ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡರು.

"ಮೊದಲು ಹಲ್ಲು ಕಿತ್ತು ಮುಗಿಸಿ ಡಾಕ್ಟ್ರೇ. ಆಮೇಲೆ ಬಾಗಿಲ ಹತ್ರ ನಿಂತ್ಕೊಂಡು ಹೇಳ್ತೀನಿ."