ಸಿಪಿಯೊನ ದಾರಿ, ಬಾಮೈದನ ಬಾಳೆ

ಸೋತ ಸೇನಾಪತಿಯನ್ನು ಶತ್ರು ಕೆಡವುತ್ತಾನೆ, ಗೆದ್ದವನನ್ನು ಮನೆಯವರೇ ಕೆಡವುತ್ತಾರೆ. ಇಷ್ಟು ವರ್ಷ ಚರಿತ್ರೆ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ. ಹ್ಯಾನಿಬಲ್ ಆನೆಗಳನ್ನು ಹಿಮದ ಬೆಟ್ಟ ದಾಟಿಸಿ ರೋಮನ್ನರನ್ನು ನಡುಗಿಸಿದ. ಕೊನೆಗೆ ಸೋತು, ಪರದೇಶದಲ್ಲಿ ವಿಷ ಕುಡಿದ. ಅವನನ್ನು ಸೋಲಿಸಿದ ಸಿಪಿಯೊನನ್ನು ಸ್ವಂತ ಊರಿನವರೇ ಲೆಕ್ಕ ಕೇಳಿ ಕಾಡಿದರು; ಅವನು ಮುನಿಸಿಕೊಂಡು ಊರು ಬಿಟ್ಟ. ಇಬ್ಬರಲ್ಲಿ ಯಾರು ದೊಡ್ಡವರೆಂದು ಗಾಂಧಿಪುರಂನ ಒಂದು ಸಭೆಯಲ್ಲಿ ನಾನು ಮಾತಾಡಬೇಕಿತ್ತು. ಅಭ್ಯಾಸಕ್ಕೆ ಸಿಕ್ಕ ಶ್ರೋತೃ, ತೊಂಡಾಮುತ್ತೂರಿನಲ್ಲಿ ತೋಟ ಮಾಡುವ ನನ್ನ ಬಾಮೈದ ರಂಗಸಾಮಿ; ನಾನೂ ಹೆಂಡತಿಯೂ ಅವನ ತೋಟದ ಮನೆಗೆ ಬಂದಿದ್ದೆವು.

“ಬೆಟ್ಟ ದಾಟಿಸೋದು ಒಂದು ದೊಡ್ಡಸ್ತಿಕೆಯಾ ಭಾವಾ? ನಮ್ಮ ಬೆಟ್ಟದ ಆನೆ ಯಾರೂ ಕರೀದೇ ಬರ್ತದೆ. ತಿರುಗಿ ಕಳಿಸಿದವನು ಯಾರು, ಅದ ಹೇಳುಂಗ” ಎಂದ. ಅವನ ಆತಂಕಕ್ಕೆ ಕಾರಣವಿತ್ತು. ವರ್ಷವಿಡೀ ಸಾಕಿದ ನೇಂದ್ರ ಬಾಳೆಯ ಗೊನೆಗಳನ್ನು ಮರುದಿನ ಬೆಳಿಗ್ಗೆ ಕಡಿಯಬೇಕಿತ್ತು.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಆನೆಗಳು ನುಗ್ಗಿದಾಗ ಸಿಪಿಯೊ ಅಡ್ಡ ನಿಲ್ಲಲಿಲ್ಲ. ಸೈನಿಕರ ಸಾಲುಗಳ ನಡುವೆ ನೇರ ದಾರಿ ಬಿಟ್ಟಿದ್ದ. ಬಹಳಷ್ಟು ಆನೆಗಳು ಅದರಲ್ಲೇ ಹಾದುಹೋದವು. ಗೇಟು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಹೊತ್ತು ಮುಳುಗುವಾಗ ಒಂಟಿ ಆನೆ ಬಂದು ತೋಟದ ಮುಂದಿನ ಗೇಟಿಗೆ ಹಣೆ ಒತ್ತಿತು. ರಂಗಸಾಮಿ ನನ್ನ ಮುಖ ನೋಡಿದ. ನಾನು ನಡುಗುತ್ತಿದ್ದೆ; ತಲೆಯೂ ಅಲ್ಲಾಡಿರಬಹುದು. ಅವನು ಅದನ್ನು ಒಪ್ಪಿಗೆಯೆಂದುಕೊಂಡು ಓಡಿ ಹಿಂದಿನ ಗೇಟನ್ನು ತೆರೆದ. ಮುಂದಿನದನ್ನು ಆನೆಯೇ ತೆರೆಯಿತು. ಬಹಳ ಶಿಸ್ತಿನಿಂದ ನಡುದಾರಿಯಲ್ಲಿ ಅರ್ಧದವರೆಗೆ ಬಂದು ನಿಂತಿತು. ಸಿಪಿಯೊನ ದಾರಿಯ ಎರಡೂ ಕಡೆ ಈಟಿ ಹಿಡಿದ ಸೈನಿಕರಿದ್ದರು. ನಮ್ಮ ದಾರಿಯ ಎರಡೂ ಕಡೆ ನೇಂದ್ರ ಬಾಳೆ ಇತ್ತು.

ಪಟಾಕಿ ಹೊಡೆದು ಅದನ್ನು ಹೊರಗೆ ಕಳಿಸುವಷ್ಟರಲ್ಲಿ ಒಂದು ಪಕ್ಕದ ಬಾಳೆ ಮಲಗಿತ್ತು. ಜಗಲಿಯಲ್ಲಿ ನನ್ನ ವಿಚಾರಣೆ ಶುರುವಾಯಿತು.

“ಪರವಾಯಿಲ್ಲೀಂಗ ಭಾವಾ, ಇನ್ನೊಂದು ಪಕ್ಕ ಉಳಿದದೆ. ನೀವು ಅದಕ್ಕೇನೂ ಉಪಾಯ ಹೇಳ್ಬೇಡಿ” ಎಂದ ರಂಗಸಾಮಿ.

ನನ್ನ ಹೆಂಡತಿ ತಮ್ಮನಷ್ಟು ಉದಾರಿಯಲ್ಲ. “ಮನೆಯಲ್ಲಿ ಜಿರಳೆ ಬಂದ್ರೆ ಮಂಚ ಹತ್ತೋರ ಮಾತು ಕೇಳಿ ಆನೆಗೆ ಗೇಟ್ ತೆಗೆದ್ಯೇನೋ?” ಎಂದಳು.

ಮಾನವಂತನಿಗೆ ಇನ್ನೇನು ದಾರಿ? ಸಿಪಿಯೊನಂತೆ ನಾನೂ ಚೀಲ ಹೆಗಲಿಗೇರಿಸಿ, ಈ ಮನೆಯಲ್ಲಿ ಇನ್ನು ಒಂದು ತುತ್ತೂ ಉಣ್ಣುವುದಿಲ್ಲವೆಂದು ಸಾರಿ ಬಸ್ಸಿಗೆ ಹೊರಟೆ. ರಸ್ತೆಯ ತಿರುವಿನಲ್ಲಿ ಆನೆ ನಿಂತಿತ್ತು. ಬಂದ ದಾರಿಯಲ್ಲೇ ವಾಪಸಾಗಿ ಎಲೆಯ ಮುಂದೆ ಕೂತೆ. ಹೆಂಡತಿ ಬಾಳೆಕಾಯಿ ಪಲ್ಯವನ್ನು ಎರಡು ಸಲ ಬಡಿಸಿದಳು.