ಎರಡನೇ ಕೀಲಿ

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ದಾಕ್ಷಾಯಣಿ ಅಡುಗೆಮನೆಯ ಸ್ಟೂಲಿನ ಮೇಲೆ ನಿಂತಿದ್ದಳು. ಬಾಯಲ್ಲಿ ಎರಡು ಸ್ಕ್ರೂ, ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ಬಚ್ಚಲಮನೆಯಲ್ಲಿ ಗಂಡ ಪ್ರಸನ್ನಕುಮಾರ್ ತಲೆಗೆ ನೀರು ಸುರಿದುಕೊಳ್ಳುವ ಸದ್ದು. ಹಿತ್ತಲ ಕೋಣೆಯಲ್ಲಿ ಮಾವ ಹಾಲಸ್ವಾಮಿಯವರು ಲಿಂಗಪೂಜೆಗೆ ಕೂತಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಕಳ್ಳತನಕ್ಕೆ ಇಳಿದವಳಿಗೆ ಅಷ್ಟು ಹೊತ್ತು ಸಾಕಿತ್ತು.

ಅವಳು ಕಳಚುತ್ತಿದ್ದುದು ಗೋಡೆಯ ಮೇಲಿನ ಒಂದು ತೇಗದ ಪೆಟ್ಟಿಗೆಯನ್ನು.

ಹಾಲಸ್ವಾಮಿಯವರು ರೈಲ್ವೆಯಲ್ಲಿ ತಂತಿ, ಟೆಲಿಫೋನು ರಿಪೇರಿ ಮಾಡಿಕೊಂಡಿದ್ದವರು. ಬಹಳ ಹಿಂದೆ ಒಂದೇ ತಂತಿಗೆ ಇಪ್ಪತ್ತು ಸ್ಟೇಷನ್ನುಗಳು ಜೋತುಬಿದ್ದಿರುತ್ತಿದ್ದವಂತೆ. ಯಾರಿಗೆ ಸುದ್ದಿ ಬಂದರೂ ಇಪ್ಪತ್ತು ಕಡೆಯೂ ಟಕಟಕ. ತನ್ನ ಸರದಿಗಾಗಿ ಪ್ರತಿ ಸ್ಟೇಷನ್ ಮಾಸ್ತರನೂ ದಿನವಿಡೀ ಕಿವಿ ನೆಟ್ಟು ಕೂರಬೇಕು. ಆಗ ಯಾರೋ ಪುಣ್ಯಾತ್ಮರು ಈ 'ಸೆಲೆಕ್ಟರ್' ಪೆಟ್ಟಿಗೆ ಕಂಡುಹಿಡಿದರು. ಒಳಗೊಂದು ಹಲ್ಲಿನ ಗಾಲಿ, ಗಾಲಿಗೆ ಸಣ್ಣ ಪಿನ್ನುಗಳು. ಕರೆಯುವವರು ತಮ್ಮ ಕಡೆಯಿಂದ ಕೀಲಿ ತಿರುಗಿಸಿದರೆ ಎಲ್ಲ ಪೆಟ್ಟಿಗೆಗಳ ಗಾಲಿಯೂ ಟಿಕ್ ಟಿಕ್ ಎಂದು ಹೆಜ್ಜೆ ಹಾಕುತ್ತದೆ. ಹೆಜ್ಜೆಯ ಲೆಕ್ಕ ತನ್ನ ಪಿನ್ನುಗಳಿಗೆ ಹೊಂದಿದ ಪೆಟ್ಟಿಗೆಯ ಗಂಟೆ ಮಾತ್ರ ಬಾರಿಸುತ್ತದೆ. ಉಳಿದವು ನಾಚಿಕೊಂಡಂತೆ ಹಿಂದೆ ಸರಿದು ಸುಮ್ಮನಾಗುತ್ತವೆ.

ಗುಜರಿ ಹರಾಜಿನಲ್ಲಿ ಕೊಂಡು ತಂದ ಅಂಥ ಮೂರು ಪೆಟ್ಟಿಗೆಗಳನ್ನು, ಮಂಡಿ ಕೈಕೊಟ್ಟು ಹಿತ್ತಲ ಕೋಣೆ ಸೇರಿದ ಮೇಲೆ, ಹಾಲಸ್ವಾಮಿಯವರು ಒಂದೇ ತಂತಿಗೆ ಕಟ್ಟಿದ್ದರು. ಒಂದು ಮುಂದಿನ ಹಾಲಿನ ಗೋಡೆಗೆ, ಮಗನಿಗಾಗಿ. ಒಂದು ಅಡುಗೆಮನೆಗೆ, ಸೊಸೆಗಾಗಿ. ಮೂರನೆಯದು ಪಕ್ಕದ ಮನೆಯ ಗೆಳೆಯ ಮೂರ್ತಪ್ಪನಿಗೆ, ಇಸ್ಪೀಟಿಗೆ ಕರೆಯಲು. ಅವರ ಮಂಚದ ತಲೆದೆಸೆಯ ಹಲಗೆಯಲ್ಲಿ ಪೆಟ್ಟಿಗೆಗೊಂದರಂತೆ ಮೂರು ಕೀಲಿಗಳು. ಅವುಗಳ ಹೆಸರಿನ ಚೀಟಿಗಳು ಎಂದೋ ಉದುರಿಹೋಗಿದ್ದವು. ಮೊಮ್ಮಗಳು ಕೊಡಿಸಿದ ಮೊಬೈಲು ಡಬ್ಬಿಯಲ್ಲೇ ಮಲಗಿತ್ತು.

ಇಷ್ಟೆಲ್ಲ ಏರ್ಪಾಡಿದ್ದೂ ಹನ್ನೊಂದು ವರ್ಷದಿಂದ ಬಾರಿಸುತ್ತಿದ್ದುದು ಅಡುಗೆಮನೆಯ ಗಂಟೆ ಒಂದೇ. ಬಿಸಿನೀರಿಗೆ, ಕನ್ನಡಕಕ್ಕೆ, ಫ್ಯಾನಿಗೆ, ಹಲ್ಲಿ ಓಡಿಸುವುದಕ್ಕೆ. ಹಾಲಿನ ಪೆಟ್ಟಿಗೆಗೆ ಮಾತೇ ಬರುವುದಿಲ್ಲವೇನೋ ಎಂಬಂತೆ ಇತ್ತು. "ಅಪ್ಪಂಗೆ ನೀನಂದ್ರೆ ಪ್ರಾಣ ಕಣೆ. ನನ್ನ ಒಂದ್ಸಲನೂ ಕರೆಯಲ್ಲ ನೋಡು" ಎಂದು ಪ್ರಸನ್ನಕುಮಾರ್ ಪೇಪರಿನ ಹಿಂದಿನಿಂದ ನಿಟ್ಟುಸಿರು ಬಿಡುತ್ತಿದ್ದ.

ಆ ಪ್ರಾಣಪ್ರೀತಿಯಿಂದಾಗಿ ದಾಕ್ಷಾಯಣಿ ನಾಲ್ಕು ವರ್ಷ ಭದ್ರಾವತಿಯ ಕೂಟ ತಪ್ಪಿಸಿಕೊಂಡಿದ್ದಳು. ಅವಳ ಹೈಸ್ಕೂಲಿನ ಥ್ರೋಬಾಲ್ ತಂಡದ ಕೂಟ. ಅವಳೇ ಕ್ಯಾಪ್ಟನ್. ಪ್ರತಿ ಸಲವೂ ಸೀರೆಯ ನೆರಿಗೆ ಹಿಡಿಯುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಈ ಸಲ ತಂಡದ ಗೆಳತಿ ಜಯಶೀಲಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ದಾಕ್ಷಿ, ಎರಡು ಗಂಟೆಗೆ ನಮ್ಮನೇಲಿ ಇರ್ಬೇಕು. ಬರ್ಲಿಲ್ಲ ಅಂದ್ರೆ ಕ್ಯಾಪ್ಟನ್ ಪಟ್ಟ ಪುಷ್ಪಂಗೆ ಕೊಡ್ತೀವಿ ಮಾರಾಯ್ತಿ."

ಪುಷ್ಪಳಿಗೆ! ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ ಪುಷ್ಪಳಿಗೆ!

ಆದ್ದರಿಂದ ಈ ಸ್ಟೂಲು, ಈ ಚಾಕು. ಅಡುಗೆಮನೆಯ ಪೆಟ್ಟಿಗೆಯನ್ನು ಹಾಲಿಗೆ, ಹಾಲಿನದನ್ನು ಅಡುಗೆಮನೆಗೆ. ನೋಡಲು ಎರಡೂ ಅವಳಿಜವಳಿ. ಇನ್ನು ಮಾವ ತನ್ನನ್ನು ಕರೆದರೆ ಗಂಟೆ ಬಾರಿಸುವುದು ಗಂಡನ ತಲೆಯ ಮೇಲೆ. ಒಂದೇ ಒಂದು ದಿನ. ಸಂಜೆ ಬಂದು ಮತ್ತೆ ಬದಲಾಯಿಸಿದರಾಯಿತು.

ಹಾಲಿನ ಪೆಟ್ಟಿಗೆ ಕೆಳಗಿಳಿಸಿದಾಗ ಅದರ ಬೆನ್ನಿಗೆ ಜಿಡ್ಡು ಮೆತ್ತಿತ್ತು. ಜಿಡ್ಡಿನಲ್ಲಿ ಒಂದು ಸಾಸಿವೆ ಕಾಳು ಹೂತಿತ್ತು. ಹಾಲಿನಲ್ಲಿ ಕೂತು ಯಾರು ಒಗ್ಗರಣೆ ಹಾಕಿದ್ದರು ಎಂದು ಅರೆಕ್ಷಣ ಅನ್ನಿಸಿತು. ಅಷ್ಟರಲ್ಲಿ ಬಚ್ಚಲ ಬಾಗಿಲ ಚಿಲಕ ಸದ್ದಾಯಿತು. ಅವಳು ಸ್ಕ್ರೂ ಬಿಗಿದು ಇಳಿದು, ಏನೂ ಅರಿಯದವಳಂತೆ ರೊಟ್ಟಿ ಹಿಟ್ಟಿಗೆ ಕೈ ಹಾಕಿದಳು.

ಎಂಟು ಗಂಟೆಗೆ ಹಾಲಿನ ಗಂಟೆ ಬಾರಿಸಿತು.

ಪ್ರಸನ್ನಕುಮಾರನ ಕೈಯಿಂದ ಪೇಪರು ಜಾರಿತು. ಮುಖ ಸುಣ್ಣ ಬಳಿದಂತಾಯಿತು. "ನಿಮ್ಮನ್ನೇ ಕರೀತಿದಾರೆ ಕಣ್ರೀ, ಹೋಗಿ" ಎಂದು ಹೇಳಲು ದಾಕ್ಷಾಯಣಿ ಬಾಯಿ ತೆರೆಯುವ ಮೊದಲೇ ಆತ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಿತ್ತಲಿಗೆ ಓಡಿದ್ದ. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಆ ವೇಗವನ್ನು ಅವಳು ನೋಡಿರಲಿಲ್ಲ. ಇಷ್ಟು ಓಡಬಲ್ಲ ಮನುಷ್ಯನನ್ನು ಸುಮ್ಮನೆ ಕೂರಿಸಿಟ್ಟಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಹಿತ್ತಲಿನಿಂದ ಮಾವನ ದನಿ ಕೇಳಿತು. "ನೀನಾ? ನೀನೇ ಬಂದ್ಯಾ?"

ಐದು ನಿಮಿಷಕ್ಕೆ ಮತ್ತೆ ಗಂಟೆ. ಮತ್ತೆ ಓಟ. ಹತ್ತು ನಿಮಿಷಕ್ಕೆ ಇನ್ನೊಂದು. ಕಿಟಕಿ ತೆಗಿ. ಕಿಟಕಿ ಹಾಕು. ಸವಳಂಗ ರಸ್ತೆಯ ಟಯರ್ ಅಂಗಡಿ ಇನ್ನೂ ಇದೆಯೇನೋ? ಏನಿಲ್ಲ, ಸುಮ್ನೆ ಕರ್ದೆ, ಕೂತ್ಕೊ. ಹತ್ತೂವರೆಯ ಹೊತ್ತಿಗೆ ಪ್ರಸನ್ನಕುಮಾರನ ಬನಿಯನ್ನು ಒದ್ದೆಮುದ್ದೆ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಬೇರೆಯವರನ್ನು ಓಡಿಸಿ ಅಭ್ಯಾಸವಿದ್ದ ಕಾಲುಗಳು ಅವು.

"ಏನಾಗಿದೆಯೇ ಅಪ್ಪಂಗೆ ಇವತ್ತು?" ಅವನು ಕಂಬಕ್ಕೆ ಒರಗಿ ಏದುಸಿರು ಬಿಟ್ಟ.

"ಮಗನ ಮೇಲೆ ಪ್ರೀತಿ ಬಂದಿರ್ಬೇಕು" ಎಂದಳು ದಾಕ್ಷಾಯಣಿ, ಬೀರುವಿನಿಂದ ನೇರಳೆ ಬಣ್ಣದ ಸೀರೆ ತೆಗೆಯುತ್ತಾ. ಎಲ್ಲ ಲೆಕ್ಕಾಚಾರದಂತೆಯೇ ನಡೆದಿತ್ತು. ಹನ್ನೆರಡೂವರೆಯ ಬಸ್ಸು ಹಿಡಿದರೆ ಸಾಕು.

ಆದರೆ ಅವಳು ಬಂಗಾರಮ್ಮನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಂಗಾರಮ್ಮ ಮೂರ್ತಪ್ಪನ ಹೆಂಡತಿ. ಕರೆ ಯಾರಿಗೇ ಹೋದರೂ ಅವರ ಮನೆಯ ಪೆಟ್ಟಿಗೆಯೂ ಟಿಕ್ ಟಿಕ್ ಅನ್ನಬೇಕಲ್ಲ. ಹಾಗಾಗಿ ಈ ಮನೆಯಲ್ಲಿ ದಿನಕ್ಕೆ ಎಷ್ಟು ಕರೆ ಹೋದವು ಎಂಬುದು ಮನೆಯವರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿರುತ್ತಿತ್ತು. ಕಾಂಪೌಂಡ್ ಗೋಡೆಯ ಮೇಲೆ ಆಕೆಯ ತಲೆ ಸೂರ್ಯನಂತೆ ಉದಯಿಸಿತು.

"ದಾಕ್ಷಾಯಣಮ್ಮ, ಬೆಳಿಗ್ಗೆಯಿಂದ ಹತ್ತೊಂಬತ್ತು ಸಲ ಆಯ್ತು! ಪ್ರಸನ್ನ ಯಾಕೆ ಹಂಗೆ ಓಡಾಡ್ತಿದಾನೆ?"

"ಮಾವ ಅವರನ್ನ ಕರೀತಿದಾರೆ, ಅದಕ್ಕೆ."

"ಮಗನ್ನಾ?" ಬಂಗಾರಮ್ಮನ ದನಿ ತಗ್ಗಿತು. "ಯಾವತ್ತೂ ಕರೆಯದೋರು ಮಗನ್ನ ಕರೀತಿದಾರಾ? ಅಯ್ಯೋ ಶಿವನೇ. ನಮ್ಮ ಅತ್ತೆನೂ ಹಿಂಗೇ ಕಣಮ್ಮ. ಹೋಗೋ ಹಿಂದಿನ ದಿನ ಮಗನ್ನ ಹದಿನಾಲ್ಕು ಸಲ ಕರೆದ್ರು. ಇಲ್ಲಿ ಹತ್ತೊಂಬತ್ತು!"

"ಹಂಗೇನಿಲ್ಲ ಬಂಗಾರಮ್ಮ, ಅವರು ಬೆಳಿಗ್ಗೆ ಮೂರು ರೊಟ್ಟಿ ತಿಂದ್ರು."

"ನೋಡಿದ್ರಾ? ಕೊನೇ ಹಸಿವು!" ಎಂದು ತಲೆ ಅಸ್ತಮಿಸಿತು.

ಹೇಳಿಬಿಡೋಣವೆಂದುಕೊಂಡಳು ದಾಕ್ಷಾಯಣಿ. ಏನೆಂದು ಹೇಳುವುದು? ಮುದುಕರ ಕರೆ ತಪ್ಪಿಸಿಕೊಳ್ಳಲು ಪೆಟ್ಟಿಗೆ ಬದಲಾಯಿಸಿದೆ ಎಂದೇ? ಇಪ್ಪತ್ತೆಂಟು ವರ್ಷದಲ್ಲಿ ಸಂಪಾದಿಸಿದ್ದ ಒಳ್ಳೆಯ ಸೊಸೆ ಎಂಬ ಹೆಸರು ಒಂದು ಸ್ಕ್ರೂ ಸಡಿಲಾಗಿ ಕಳಚಿಬೀಳುತ್ತಿತ್ತು. ಅವಳು ಸುಮ್ಮನೆ ಸೀರೆ ಉಟ್ಟಳು.

ಹನ್ನೆರಡು ಗಂಟೆಗೆ ಚಪ್ಪಲಿ ಮೆಟ್ಟಿ ಗೇಟು ತೆಗೆದರೆ ಎದುರಿಗೆ ಆಟೋ ನಿಂತಿತು. ಭದ್ರಾವತಿಯಿಂದ ನಾದಿನಿ ಸುಮನಾ ಬಂದಿದ್ದಳು, ಒಂದು ಕೈಯಲ್ಲಿ ಮಠದ ವಿಭೂತಿ, ಇನ್ನೊಂದರಲ್ಲಿ ಎಳನೀರು, ಕಣ್ಣ ತುಂಬ ನೀರು.

"ಅತ್ತಿಗೆ! ಬಂಗಾರಮ್ಮ ಫೋನ್ ಮಾಡಿದ್ರು. ಅಪ್ಪಾಜಿ ಮಾತಾಡ್ತಾರಾ?"

"ಮಾತು ನಿಲ್ಲಿಸ್ತಾನೇ ಇಲ್ಲ ಸುಮನಾ..."

"ಬಡಬಡಿಸ್ತಿದಾರಾ!" ಎಂದು ಸುಮನಾ ಹಿತ್ತಲಿಗೆ ಓಡಿದಳು.

ಹಿಂದೆಯೇ ಬಂಗಾರಮ್ಮ, ಬಂಗಾರಮ್ಮನ ಹಿಂದೆ ಮೂರ್ತಪ್ಪ, ಮೂಲೆಮನೆಯ ಕಾಶಮ್ಮ. ಬಂದವರಿಗೆಲ್ಲ ಕಾಫಿ. ಹನ್ನೆರಡೂವರೆಯ ಬಸ್ಸು ಹೋಯಿತು, ಒಂದರದ್ದು ಹೋಯಿತು. ಎರಡಕ್ಕೆ ದಾಕ್ಷಾಯಣಿ ನೇರಳೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಲೋಟ ತೊಳೆಯುತ್ತಿದ್ದಳು. ಥ್ರೋಬಾಲಿನಲ್ಲಿ ಚೆಂಡು ಹಿಡಿದರೆ ಮೂರು ಸೆಕೆಂಡಿನೊಳಗೆ ಎಸೆಯಲೇಬೇಕು, ಇಟ್ಟುಕೊಳ್ಳುವಂತಿಲ್ಲ. ಎಷ್ಟು ಒಳ್ಳೆಯ ಆಟವಾಗಿತ್ತು ಅದು! ಈ ಮನೆಯಲ್ಲಿ ಹಿಡಿದದ್ದೆಲ್ಲ ಕೈಯಲ್ಲೇ ಉಳಿದಿತ್ತು. ಕಣ್ಣು ಉರಿಯಿತು. ಲೋಟ ತೊಳೆಯುವ ಪುಡಿಯಿರಬೇಕು ಎಂದುಕೊಂಡಳು.

ಮೂರೂವರೆಗೆ ಗೇಟಿನ ಮುಂದೆ ಒಂದು ವ್ಯಾನು ನಿಂತು, ಅದರೊಳಗಿಂದ ಏಳು ಜನ ಹೆಂಗಸರು ಇಳಿದರು. ಎಲ್ಲರಿಗಿಂತ ಮುಂದೆ ಜಯಶೀಲಾ.

"ದಾಕ್ಷಿ! ನಿನ್ನ ನಾದಿನಿ ನಮ್ಮ ಬೀದಿಲೇ ಅಲ್ವಾ ಇರೋದು, ಅಪ್ಪಾಜಿ ಅಪ್ಪಾಜಿ ಅಂತ ಅಳ್ತಾ ಆಟೋ ಹತ್ತಿದ್ಲು. ಇಂಥ ಹೊತ್ತಲ್ಲಿ ನಾವು ಕೇಕ್ ತಿಂತಾ ಕೂರಕ್ಕಾಗುತ್ತಾ? ಕೂಟ ಹಾಳಾಗ್ಲಿ ಮಾರಾಯ್ತಿ, ನೀನು ಧೈರ್ಯ ತಗೋ."

ಇಡೀ ತಂಡ ಅವಳನ್ನು ತಬ್ಬಿಕೊಂಡಿತು. ಪುಷ್ಪ ಕಣ್ಣು ಮುಚ್ಚಿಕೊಂಡೇ ತಬ್ಬಿಕೊಂಡಳು. ದಾಕ್ಷಾಯಣಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

ಹಿತ್ತಲ ಕೋಣೆಯಲ್ಲಿ ಹಾಲಸ್ವಾಮಿಯವರು ದಿಂಬಿಗೊರಗಿ, ಸುತ್ತ ನಿಂತ ಹೆಂಗಸರನ್ನು ನೋಡಿ ಕಕ್ಕಾಬಿಕ್ಕಿಯಾದರು. ಜಯಶೀಲಾ ಅವರ ಕೈ ಹಿಡಿದುಕೊಂಡಳು. "ಅಜ್ಜಾರೇ, ಮನಸ್ಸಲ್ಲಿ ಏನಾದ್ರೂ ಆಸೆ ಇದ್ರೆ ಹೇಳಿಬಿಡಿ."

ಅವರು ಯೋಚಿಸಿದರು. "ಆಸೆ ಅಂದ್ರೆ... ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ."

ಸುಮನಾ ಗೊಳೋ ಎಂದಳು. "ಅಪ್ಪಾಜಿ, ಬೆಳಿಗ್ಗೆಯಿಂದ ಅಣ್ಣನ್ನ ಯಾಕೆ ಅಷ್ಟು ಸಲ ಕರೆದ್ರಿ? ಏನಾಗ್ತಿದೆ ನಿಮಗೆ?"

"ನನಗೇನಾಗಿದೆ? ದಿನಾ ಕರೆಯೋ ಹಾಗೇ ಕರ್ದೆ." ಅವರು ಹಲಗೆಯ ಮೊದಲನೆಯ ಕೀಲಿಯನ್ನು ಸವರಿದರು. ಅದು ಮುಟ್ಟಿ ಮುಟ್ಟಿ ಚಿನ್ನದಂತೆ ಹೊಳೆಯುತ್ತಿತ್ತು. "ಇದು ಪ್ರಸನ್ನನ ಕೀಲಿ. ಹನ್ನೊಂದು ವರ್ಷದಿಂದ ಇದನ್ನೇ ತಿರುಗಿಸ್ತಿದೀನಿ. ಮೊದಲ ಕೆಲವು ವಾರ ಬಿಟ್ರೆ ಪ್ರತಿ ಸಲ ಸೊಸೆನೇ ಬರ್ತಿದ್ಲು. ಅವನಿಗೆ ಪುರುಸೊತ್ತಿಲ್ಲ, ಇವಳನ್ನ ಕಳಿಸ್ತಾನೆ ಅಂದ್ಕೊಂಡು ಸುಮ್ನಿದ್ದೆ. ಇವತ್ತು ತಿರುಗಿಸಿದ್ರೆ ಅವನೇ ಬಂದ್ಬಿಟ್ಟ! ನಂಬಿಕೆ ಬರ್ಲಿಲ್ಲ. ಅದಕ್ಕೆ ನಾಲ್ಕು ಸಲ ಜಾಸ್ತಿ ತಿರುಗಿಸಿ ನೋಡ್ದೆ."

ಕೋಣೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ, ಇಬ್ಬರನ್ನು ಬಿಟ್ಟು. ದಾಕ್ಷಾಯಣಿ ಗಂಡನ ಮುಖ ನೋಡಿದಳು. ಗಂಡ ಸೂರಿನ ಹಲ್ಲಿ ನೋಡಿದ. ಬೆಳಿಗ್ಗೆ ಜಿಡ್ಡಿನಲ್ಲಿ ಹೂತಿದ್ದ ಸಾಸಿವೆ ಕಾಳು ಅವಳ ತಲೆಯಲ್ಲಿ ಚಟ್ ಎಂದು ಸಿಡಿಯಿತು.

ಆರು ಗಂಟೆಗೆ, ಹದಿಮೂರು ಜನಕ್ಕೆ ಕರಿದ ಬಜ್ಜಿಯ ಬಾಣಲೆ ಮುಂದಿಟ್ಟುಕೊಂಡು, ಅವಳು ಕೇಳಿದಳು. "ಯಾವಾಗ ಬದಲಾಯಿಸಿದ್ರಿ?"

ಪ್ರಸನ್ನಕುಮಾರ್ ಬಾಣಲೆಯನ್ನು ತಾನೇ ಎಳೆದುಕೊಂಡು ಉಜ್ಜತೊಡಗಿದ. "ಪೆಟ್ಟಿಗೆ ಕಟ್ಟಿದ ಹೊಸದರಲ್ಲಿ ನೈಟ್ ಶಿಫ್ಟ್ ಇತ್ತಲ್ಲ... ಹಗಲು ಹಾಲಲ್ಲಿ ಮಲಗಿದ್ರೆ ತಲೆ ಮೇಲೇ ಗಂಟೆ. ಒಂದು ವಾರಕ್ಕೆ ಅಂತ ಬದಲಾಯಿಸ್ದೆ ಕಣೆ. ಶಿಫ್ಟ್ ಮುಗೀತು, ಆಮೇಲೆ..." ಅವನು ಬಾಣಲೆಯನ್ನು ಮಗುಚಿ ತಳ ಉಜ್ಜಿದ. "ಇವತ್ತು ಹಾಲಲ್ಲಿ ಬಾರಿಸ್ದಾಗ, ಅಪ್ಪ ಮೊದಲ್ನೇ ಸಲ ನಿನ್ನ ಕೀಲಿ ತಿರುಗಿಸಿದಾರೆ, ಗುಟ್ಟು ರಟ್ಟಾಯ್ತು ಅಂತ ಓಡ್ದೆ. ಅಂದ್ರೆ ನೀನೂ..."

"ನಾನು ಒಂದೇ ದಿನಕ್ಕೆ ಅಂತ ಬದಲಾಯಿಸ್ದೆ."

ಇಬ್ಬರೂ ನಕ್ಕರು. ಪ್ರಸನ್ನಕುಮಾರ್, ಇನ್ನು ಮೇಲೆ ಭಾನುವಾರವೆಲ್ಲ ತನ್ನದೇ ಡ್ಯೂಟಿ ಎಂದು ಬಾಣಲೆಯ ಮೇಲೆ ಆಣೆ ಇಟ್ಟ. ಅವಳಿಗೆ ನಂಬಬೇಕೆನಿಸಿತು. ಆದರೆ ಅವನು ಹಾಲಿಗೆ ಹೋದ ಮೇಲೆ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ಅಡುಗೆಮನೆ ನಿಶ್ಶಬ್ದವಾಗಿತ್ತು. ಹನ್ನೊಂದು ವರ್ಷ ಓಡಿದ್ದೆಲ್ಲ ಇನ್ನೊಬ್ಬರ ಕರೆಗೆ. ತನ್ನನ್ನು ಯಾರೂ ಕರೆದೇ ಇರಲಿಲ್ಲ. ಸಿಟ್ಟು ಬರಬೇಕಿತ್ತು; ಬಂದದ್ದು ಬೇರೇನೋ. ಗೋಡೆಯ ಪೆಟ್ಟಿಗೆಯನ್ನು ನೋಡುತ್ತಾ ಅವಳು ಸ್ಟೂಲಿನ ಮೇಲೆ ಕೂತಳು.

ಟಿಕ್ ಟಿಕ್ ಟಿಕ್. ಆಮೇಲೆ ಗಂಟೆ. ಅಡುಗೆಮನೆಯದು.

ಅವಳು ಹಿತ್ತಲು ದಾಟಿದ್ದು ಅವಳಿಗೇ ತಿಳಿಯಲಿಲ್ಲ. "ಏನು ಮಾವ? ಏನು ಬೇಕಿತ್ತು?"

ಹಾಲಸ್ವಾಮಿಯವರ ಬೆರಳು ಎರಡನೇ ಕೀಲಿಯ ಮೇಲಿತ್ತು. ಅದರ ಮೇಲೆಲ್ಲ ಹಸಿರು ಕಿಲುಬು. "ಇದು ನಿನ್ನದು ತಾಯಿ. ಕೆಲಸ ಮಾಡುತ್ತೋ ಇಲ್ವೋ ನೋಡ್ದೆ. ಇಷ್ಟು ವರ್ಷ ಮುಟ್ಟಿರ್ಲಿಲ್ಲ."

"ಯಾಕೆ ಮಾವ?"

"ಮನೆ ಕೆಲಸವೇ ನಿನಗೆ ಬೆಟ್ಟದಷ್ಟು ಇರುತ್ತೆ. ನಾನೂ ಯಾಕೆ ತೊಂದರೆ ಕೊಡ್ಲಿ ಅಂತ."

ಅವಳು ಹಾಸಿಗೆಯ ಅಂಚಿಗೆ ಕೂತು, ಸೆರಗಿನಿಂದ ಆ ಕೀಲಿಯ ಕಿಲುಬನ್ನು ಒರೆಸಿದಳು.

"ಆದ್ರೆ ಒಂದು ಮಾತು" ಎಂದರು ಅವರು ದನಿ ತಗ್ಗಿಸಿ. "ಪ್ರಸನ್ನ ಬಂದಿದ್ದು ಭಾಳ ಸಂತೋಷ. ಪ್ರೀತಿಗೆ ಅವನು ಸರಿ. ಕೆಲಸಕ್ಕೆ ಆಗಲ್ಲ. ಬಿಪಿ ಮಾತ್ರೆ ಬದಲು ನಿನ್ನ ಕಬ್ಬಿಣದ ಮಾತ್ರೆ ತಂದುಕೊಟ್ಟ. ಬಿಸಿನೀರು ಕೇಳಿದ್ರೆ ನಾಲಿಗೆ ಸುಟ್ಟ. ಆ ಹೆಂಗಸರು ಯಾರೋ ಬಂದು ಕೈ ಹಿಡ್ಕೊಂಡಾಗ, ಅವನ ಕೈಗೆ ಇನ್ನೆರಡು ದಿನ ಸಿಕ್ರೆ ನಿಜವಾಗ್ಲೂ ಹೋಗ್ತೀನೇನೋ ಅನ್ನಿಸ್ತು. ನಾಳೆಯಿಂದ ನಿನ್ನ ಕೀಲಿನೇ ತಿರುಗಿಸ್ತೀನಿ ತಾಯಿ. ಆಗ್ಬಹುದಾ?"

ದಾಕ್ಷಾಯಣಿ ಕೀಲಿಯ ಮೇಲಿನಿಂದ ಸೆರಗು ತೆಗೆದಳು. "ಆಗ್ಲಿ ಮಾವ. ಆದ್ರೆ ಮುಂದಿನ ಭಾನುವಾರ ಹನ್ನೆರಡರಿಂದ ಆರರ ತನಕ ನಾನಿರಲ್ಲ. ಭದ್ರಾವತೀಲಿ ಮತ್ತೆ ಕೂಟ ಇಟ್ಕೊಂಡಿದೀವಿ."

"ಧಾರಾಳವಾಗಿ ಹೋಗ್ಬಾ. ನಾನು ಕೀಲಿ ಮುಟ್ಟಿದ್ರೆ ಕೇಳು."

ಕತ್ತಲಾಗತೊಡಗಿದ್ದ ಹಿತ್ತಲನ್ನು ಅವಳು ನಿಧಾನವಾಗಿ, ಏನೋ ಗೆದ್ದವಳಂತೆ ದಾಟಿದಳು. ಹೊಸ್ತಿಲ ಮೇಲೆ ಕಾಲಿಟ್ಟಾಗ ಗೋಡೆಯ ಪೆಟ್ಟಿಗೆಯ ಗಾಲಿ ಹೆಜ್ಜೆ ಹಾಕತೊಡಗಿತು. ಪಕ್ಕದ ಮನೆಯಲ್ಲಿ ಬಂಗಾರಮ್ಮ ಎಣಿಸುತ್ತಿರಬೇಕು. ಹಾಲಿನಲ್ಲಿ ಪ್ರಸನ್ನಕುಮಾರ್ ಉಸಿರು ಬಿಗಿಹಿಡಿದು ತನ್ನ ಪೆಟ್ಟಿಗೆಯನ್ನು ನೋಡುತ್ತಿದ್ದ. ಅದು ಸದ್ದಿಲ್ಲದೆ ಹಿಂದೆ ಸರಿಯಿತು.

ಬಾರಿಸಿದ್ದು ಅವಳದೇ.