ಮಾವನ ಬ್ಯಾಟರಿ ಉಳಿತಾಯ

ನಮ್ಮ ಸೋದರಮಾವನಂಥ ಮಾತಿನ ಜಿಪುಣರು ಇಡೀ ಮಳವಳ್ಳಿ ತಾಲ್ಲೂಕಿನಲ್ಲಿಲ್ಲ. ತಾವು ಮಾತಾಡದಿದ್ದರೆ ಹೋಗಲಿ, ತಮ್ಮ ಕಬ್ಬಿನ ಗದ್ದೆಗೂ ಮಾತಾಡಲು ಬಿಡುವುದಿಲ್ಲ!

ಗದ್ದೆ ಮಾತಾಡುತ್ತದೆಯೇ ಎಂದಿರಾ? ಪೂರಿಗಾಲಿಯ ಅವರ ಗದ್ದೆ ಮಾತಾಡುತ್ತದೆ. ಮಣ್ಣಿನ ತೇವ ನೋಡುವ ಸೆನ್ಸರುಗಳನ್ನು ಅಲ್ಲಲ್ಲಿ ನೆಟ್ಟಿದ್ದಾರೆ. ತಂತಿಯ ಹಂಗಿಲ್ಲದೆ ಅವು ಪಂಪ್‌ಸೆಟ್ ಮನೆಯ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತವೆ. ಮೊದಲ ಬೆಳೆಯಲ್ಲಿ ‘ತೇವ ಇದೆ, ತೇವ ಇದೆ’ ಎಂದು ದಿನವಿಡೀ ಹರಟಿ, ಕಬ್ಬು ಆಳೆತ್ತರ ಆಗುವಷ್ಟರಲ್ಲಿ ಬ್ಯಾಟರಿ ಮುಗಿಸಿಕೊಂಡು ಕೂತವು. ಬದಲಾಯಿಸಲು ಒಳಗೆ ನುಗ್ಗಿದ ಮಾವ, ಕಬ್ಬಿನ ಗರಿ ಮೈಯೆಲ್ಲ ಕುಯ್ದು, ಬೆಕ್ಕಿನ ಜೊತೆ ಜಗಳವಾಡಿದವರಂತೆ ಹೊರಬಂದರು.

ಅಂದಿನಿಂದ ಹೊಸ ಕಾನೂನು. ಸೆನ್ಸರುಗಳು ಮಲಗಿರಬೇಕು, ಆಗಾಗ ಎದ್ದು ನೋಡಬೇಕು, ಹೊಸದೇನಾದರೂ ಇದ್ದರೆ ಮಾತ್ರ ಬಾಯಿ ತೆರೆಯಬೇಕು. ದೂರದ ಪೆಟ್ಟಿಗೆಗೆ ಕೂಗುವಂತಿಲ್ಲ. ಪಕ್ಕದ ಸೆನ್ಸರಿಗೆ ಮೆಲ್ಲಗೆ ಹೇಳಿದರೆ ಅದು ಮುಂದಕ್ಕೆ ದಾಟಿಸುತ್ತದೆ. ಬ್ಯಾಟರಿಯೇನೋ ಉಳಿಯಿತು. ಆದರೆ ಅದೇ ಕಾನೂನು ಮನೆಗೂ ಬಂತು!

ನಾನು ಫೋನ್ ಮಾಡಿದರೆ, “ಒಸ ವಿಸ್ಯ ಏನಾರ ಐತಾ?”

“ಇಲ್ಲ ಮಾವ, ಸುಮ್ನೆ ಮಾತಾಡೋಣ ಅಂತ...”

“ಮಡುಗ್ಲಾ ಫೋನ್ನ!”

ಮದ್ದೂರಿನ ಮದುವೆಯಲ್ಲಿ ಯಾರೋ ಕ್ಷೇಮ ವಿಚಾರಿಸಿದರೆ, ಪಕ್ಕದಲ್ಲಿದ್ದ ಅತ್ತೆಯ ಕಡೆ ಕೈ ತೋರಿಸಿ ಹೋಳಿಗೆ ಮುರಿದರು! “ಸಾರಲ್ಲಿ ಉಪ್ಪು ಕಮ್ಮಿ ಆದ್ರೆ ಮಾತ್ರ ಬಾಯ್ ಬುಡ್ತಾರೆ ಕಣಪ್ಪ. ಸರ್ಯಾಗಿದ್ರೆ ಅದು ಸುದ್ದಿ ಅಲ್ವಂತೆ!” ಎಂದರು ಅತ್ತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಡೇರಿಯವರು, ಕಬ್ಬು ಕಡಿಸುವ ಮೇಸ್ತ್ರಿ, ನೆಂಟರು, ಎಲ್ಲರಿಗೂ ಉತ್ತರ ಕೊಟ್ಟು ಕೊಟ್ಟು ಅತ್ತೆ ಸೊರಗುತ್ತಿದ್ದರು.

ಈ ಸಲ ಪಂಪ್‌ಸೆಟ್ ಮನೆಗೆ ಅಂಟಿಕೊಂಡಂತಿದ್ದ ಸೆನ್ಸರೇ ಎಲ್ಲಕ್ಕಿಂತ ಮೊದಲು ಸತ್ತಿತು. ಮಾವನಿಗೆ ತಲೆಬಿಸಿ. ಗದ್ದೆಯ ಸುದ್ದಿಯೆಲ್ಲ ಅದೊಂದರ ಮೂಲಕವೇ ಹಾಯಬೇಕಿತ್ತು, ಅದಕ್ಕೆ ಮಲಗಲು ಪುರಸೊತ್ತೇ ಇರಲಿಲ್ಲ ಎಂದು ಹೊಳೆಯಲು ವಾರ ಹಿಡಿಯಿತು. ಅಷ್ಟರಲ್ಲಿ ಅತ್ತೆ ಅಂಗಳದಲ್ಲಿ ತಲೆಸುತ್ತಿ ಬಿದ್ದರು.

ಮಂಡ್ಯದ ಆಸ್ಪತ್ರೆಗೆ ಓಡಿದೆ. ಮಾವ ಹಾಸಿಗೆಯ ಪಕ್ಕ ಕೂತಿದ್ದರು. “ಎಲ್ಲಾರ ಮಾತ್ನೂ ಇವ್ಳೇ ಒತ್ಕಂಡಿದ್ಲು ಕಣ್ಲಾ. ಮಿಸೀನಿಂದು ಗೊತ್ತಾಯ್ತು, ಇವ್ಳುದ್ ಗೊತ್ತಾಗ್ನಿಲ್ಲ” ಎಂದರು.

ಅತ್ತೆಯ ಫೋನು ಹೊಡೆದುಕೊಂಡಿತು, ಮೇಸ್ತ್ರಿಯದು. ಅಭ್ಯಾಸಬಲದಿಂದ ಅತ್ತೆ ಕೈ ಚಾಚಿದರು. ಮಾವ ಆ ಕೈಯನ್ನು ಮೆಲ್ಲಗೆ ಹಿಡಿದು ಹೊದಿಕೆಯೊಳಗಿಟ್ಟರು.

“ನೀನ್ ಮನಿಕ್ಕೊ ಕಣಮ್ಮಿ. ನಾನ್ ಮಾತಾಡ್ತೀನಿ.”